ಆವಿಗೆಯ ಮುಕ್ಕಾಲಿಯೂ ಬೆಂಕಿಯ ಅಳತೆಯೂ

ಶಿವನಿಯು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿಗೆ ಸೇರಿದ ಗ್ರಾಮ. ಈ ತಾಲ್ಲೂಕು ರಚಿತವಾಗುವುದಕ್ಕೆ ಮೊದಲು ತರೀಕೆರೆ ತಾಲ್ಲೂಕಿನಲ್ಲಿದ್ದಿತು. ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಅಜ್ಜಂಪುರವನ್ನು ದಾಟಿದ ಮೇಲೆ ಇದರ ನಿಲ್ದಾಣ ದೊರೆಯುತ್ತದೆ. ಸ್ನಾತಕ ತರಗತಿಯ ನಮ್ಮ ವಿದ್ಯಾರ್ಥಿಗಳು ಸ್ಥಳೀಯ ಇತಿಹಾಸದ ಅಭ್ಯಾಸಕ್ಕಾಗಿ ಈ ಊರಿನ ಆಸುಪಾಸಿನಲ್ಲಿ ಒಂದು ದಿನ ತಿರುಗಾಡಿ, ಹೊಲದ ಬದುಗಳಲ್ಲಿಯೂ ರೈಲುಹಳಿಯ ಮಗ್ಗುಲಿನಲ್ಲಿಯೂ ಬಿದ್ದಿದ್ದ ನಲವತ್ತಕ್ಕೂ ಮಿಕ್ಕ ಬೋಕಿಗಳನ್ನು ಆಯ್ದು ತಂದರು. ಅವುಗಳಲ್ಲಿ ಬಹುಪಾಲು ಕೆಂಪು ಹಾಗೂ ಕಪ್ಪು ಬಣ್ಣದ ಸಾಧಾರಣ ಮಡಕೆಯ ಚೂರುಗಳು. ಒಂದು ಮಾತ್ರ ಬಿಳಿಯದು, ನುಣುಪಾದುದು, ತಟ್ಟೆಯ ಅಂಚಿನ ಭಾಗವೆಂದು ತೋರುವಂತಹುದು. ಅದರ ಬೆನ್ನಿನ ಮೇಲೆ, ಅಂಚಿನ ಕೆಳಗಡೆ, ಮೂರು ಚಿಕ್ಕ ಚುಕ್ಕೆಗಳು ತ್ರಿಕೋನಾಕಾರವಾಗಿ ಮೂಡಿದ್ದವು. ಮುಂಭಾಗದಲ್ಲಿ ಒಂದೇ ಚುಕ್ಕೆ ಇದ್ದಿತು.

ಈ ಚುಕ್ಕೆಗಳ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ವಿಭಾಗದ ಪ್ರದರ್ಶನಕ್ಕೆಂದು ಆ ಬೋಕಿಗೆ ಚೀಟಿ ಬರೆಯುವಾಗ, ‘ತ್ರಿಬಿಂದು ಚಿಹ್ನೆಯುಳ್ಳ ಪಾತ್ರೆಯ ಚೂರು; ಪ್ರಾಯಶಃ ಹೊಯ್ಸಳರ ಕಾಲ; ಶೈವ ಸಂಪ್ರದಾಯಕ್ಕೆ ಸಂಬಂಧಿಸಿರಬಹುದು’ ಎಂದು ವಿದ್ಯಾರ್ಥಿಗಳಿಗೆ ನಾವೇ ಹೇಳಿ ಬರೆಸಿದೆವು. ತರೀಕೆರೆಯ ಬಳಿ ಅಮೃತಾಪುರದಲ್ಲಿ ಇಮ್ಮಡಿ ಬಲ್ಲಾಳನ ಕಾಲದ, 1196ರ ಅಮೃತೇಶ್ವರ ದೇವಾಲಯವಿರುವುದು ಸರ್ವವಿದಿತ. ಅದರ ಸಾಮೀಪ್ಯವೂ, ಶಿವನಿಯೆಂಬ ಊರಿನ ಹೆಸರೂ ಸೇರಿ ನಮ್ಮನ್ನು ದಾರಿ ತಪ್ಪಿಸಿದವು. ಹೆಸರಿನಿಂದ ವಸ್ತುವನ್ನು ಅರ್ಥಮಾಡಹೊರಟವರಿಗೆ ಇದಕ್ಕಿಂತ ಬೇರೆ ಫಲ ದೊರೆಯುವುದಿಲ್ಲ. ಚೀಟಿಯನ್ನು ತೆಗೆಸಿದುದು ಇತಿಹಾಸ ಗ್ರಂಥವಲ್ಲ, ನೆರೆಯ ಕಾಲೇಜೊಂದರಲ್ಲಿ ಕುಂಭಕಲೆಯನ್ನು ಕಲಿಸುವ ಮಿತ್ರರೊಬ್ಬರ ಭಟ್ಟಿಯಲ್ಲಿ ನಡೆದ ಒಂದು ಅನಾಹುತ. ಅದನ್ನು ವಿವರಿಸುವುದಕ್ಕೆ ಮುಂಚೆ ಭಟ್ಟಿಯೊಳಗೆ ನಡೆಯುವ ಕ್ರಿಯೆಯನ್ನು ಸ್ವಲ್ಪ ತಿಳಿಯಬೇಕಾಗುತ್ತದೆ.

ನಮ್ಮ ಹಳ್ಳಿಗಳ ಕುಂಬಾರರು ಮಡಕೆಗಳನ್ನು ಆವಿಗೆಯಲ್ಲಿ ಸುಡುವಾಗ ಒಂದರ ಮೇಲೊಂದನ್ನು, ಒಂದರ ಮಗ್ಗುಲಿಗೆ ಮತ್ತೊಂದನ್ನು ಒಟ್ಟಿ, ನಡುವೆ ಸೌದೆ, ಕುರುಳು, ಹುಲ್ಲುಗಳನ್ನು ತುಂಬಿ, ಮೇಲೆ ಮಣ್ಣನ್ನೋ ಬೂದಿಯನ್ನೋ ಮುಚ್ಚಿ ಬೆಂಕಿ ಹಾಕುತ್ತಾರೆ. ಇಂತಹ ಉರಿಯು ಸಾಮಾನ್ಯವಾಗಿ 700ರಿಂದ 850 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ಮಡಕೆಗೆ ಮಡಕೆ ತಾಗಿದರೂ ಅಂಟಿಕೊಳ್ಳುವುದಿಲ್ಲ. ಏಕೆಂದರೆ ಅಷ್ಟು ಶಾಖದಲ್ಲಿ ಕೆರೆಯ ಜೇಡಿಮಣ್ಣು ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ಸರಿಯಾಗಿ ಕೂರದ ಮಡಕೆಯ ಕೆಳಗೆ ಒಂದು ಒಡಕು ಬೋಕಿಯನ್ನು ಸಿಕ್ಕಿಸಿದರೆ ಸಾಕು. ಅದೇ ಆ ಆವಿಗೆಯ ಆಸರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಅವರು ನಡೆಸಿದ ಉತ್ಖನನದಿಂದ ಪ್ರಸಿದ್ಧಿಗೆ ಬಂದ ಬೃಹತ್‌ಶಿಲಾ ಸಂಸ್ಕೃತಿಯ ಕಪ್ಪು-ಕೆಂಪು ಪಾತ್ರೆಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳನ್ನು ಬೋರಲು ಹಾಕಿ ಸುಟ್ಟುದರಿಂದ ಗಾಳಿ ಸಿಗದ ಒಳಮೈಯೂ ಬಾಯಂಚೂ ಕಪ್ಪಾದವು, ಗಾಳಿ ತಾಗಿದ ಹೊರಮೈ ಕೆಂಪಾಯಿತು ಎಂಬುದು ವಿದ್ವಾಂಸರಲ್ಲಿ ಬಹುಕಾಲದಿಂದ ಬಂದಿರುವ ವಿವರಣೆ. ಅಂತಹ ಪಾತ್ರೆಯು ತನ್ನ ಬಾಯಿಯ ಮೇಲೆಯೇ ನಿಂತು ಬೆಂದಿತು; ಅದಕ್ಕೆ ಬೇರೆ ಕಾಲುಗಳ ಅಗತ್ಯ ಬೀಳಲಿಲ್ಲ.

ಪಾತ್ರೆಗೆ ಗಾಜುಲೇಪ ಕೊಟ್ಟ ಕ್ಷಣದಿಂದ ಪರಿಸ್ಥಿತಿ ಬದಲಾಗುತ್ತದೆ. ಈ ಲೇಪವೆಂದರೆ ನುಣ್ಣಗೆ ಅರೆದ ಮರಳುಕಲ್ಲಿನ ಪುಡಿ, ಅದನ್ನು ಬೇಗ ಕರಗಿಸುವ ಸೀಸ, ಸೋಡ, ಸುಣ್ಣ ಮೊದಲಾದ ದ್ರವ್ಯಗಳು, ಅದು ಪಾತ್ರೆಯ ಮೈಗೆ ಹತ್ತಿ ನಿಲ್ಲಲು ಒಂದಿಷ್ಟು ಜೇಡಿ. ಶಾಖ ಸಾಕಷ್ಟಾದಾಗ ಇದು ಕರಗಿ, ಜೇನಿನಂತೆ ಮಂದವಾದ ದ್ರವವಾಗಿ, ಆರಿದ ಮೇಲೆ ಗಾಜಾಗುತ್ತದೆ. ಕರಗಿದ ಗಾಜು ತಾನು ಮುಟ್ಟಿದುದನ್ನೆಲ್ಲ ಹಿಡಿದುಕೊಳ್ಳುವ ಸ್ವಭಾವದ್ದು. ಆದುದರಿಂದ ತಳಕ್ಕೂ ಲೇಪವಿರುವ ಪಾತ್ರೆಯನ್ನು ಭಟ್ಟಿಯ ಹಲಗೆಯ ಮೇಲೆ ನೇರವಾಗಿ ಇಟ್ಟರೆ, ಮರುದಿನ ಹಲಗೆಯನ್ನು ಒಡೆಯಬೇಕು ಇಲ್ಲವೇ ಪಾತ್ರೆಯನ್ನು ಒಡೆಯಬೇಕು. ಈ ಸಂಕಟದಿಂದ ಪಾರಾಗಲು ಎರಡೇ ಮಾರ್ಗಗಳುಂಟು. ಪಾತ್ರೆ ನಿಲ್ಲುವ ಭಾಗದಲ್ಲಿ ಲೇಪವನ್ನು ಒರೆಸಿ ಮಣ್ಣನ್ನು ಬರಿದಾಗಿ ಬಿಡುವುದು ಒಂದು. ಪಾತ್ರೆಯನ್ನು ಚೂಪಾದ ಕೆಲವು ತುದಿಗಳ ಮೇಲೆ ಎತ್ತಿ ನಿಲ್ಲಿಸಿ, ಅಂಟುವ ಜಾಗವನ್ನು ಸಾಸಿವೆಕಾಳಿನಷ್ಟಕ್ಕೆ ಇಳಿಸುವುದು ಇನ್ನೊಂದು. ಎರಡನೆಯ ಕೆಲಸಕ್ಕೆ ಬಳಸುವ ಸಾಧನಕ್ಕೆ ಪಿಂಗಾಣಿ ಕೆಲಸದವರು ಸ್ಟಿಲ್ಟ್ ಎನ್ನುತ್ತಾರೆ. ಅದು ಬಹುಮಟ್ಟಿಗೆ ಮೂರು ತೋಳಿನದಾಗಿರುವುದರಿಂದ ಈ ಲೇಖನದಲ್ಲಿ ನಾವು ಮುಕ್ಕಾಲಿ ಎಂದು ಕರೆಯುತ್ತೇವೆ. ಮೂರೇ ಏಕೆಂದರೆ, ಮೂರು ಬಿಂದುಗಳ ಮೇಲೆ ಇಟ್ಟ ವಸ್ತು ನೆಲ ಎಷ್ಟೇ ಓರೆಯಾಗಿದ್ದರೂ ಕುಂಟುವುದಿಲ್ಲ. ನಮ್ಮ ಅಡಿಗೆಮನೆಯ ಒಲೆಗೆ ಮೂರು ಗುಂಡುಗಳಿರುವುದೂ ಇದೇ ಕಾರಣದಿಂದ.

ಈಗ ಅನಾಹುತದ ವಿಷಯ. ನಮ್ಮ ಮಿತ್ರರು ವಿದ್ಯುತ್ ಭಟ್ಟಿಯಲ್ಲಿ ಹಲವು ವರ್ಷಗಳಿಂದ ಕೆಂಪು ಜೇಡಿಯ ಬಟ್ಟಲುಗಳಿಗೆ ಲೇಪ ಕೊಟ್ಟು 1040 ಡಿಗ್ರಿಯ ಸುಮಾರಿಗೆ ಸುಡುತ್ತಿದ್ದರು. ಲೋಹದ ತಂತಿಯ ತುದಿಗಳುಳ್ಳ ಮುಕ್ಕಾಲಿಗಳು ಅವರಲ್ಲಿದ್ದವು. ಅವುಗಳಿಂದ ಯಾವ ತೊಂದರೆಯೂ ಆಗಿರಲಿಲ್ಲ. ಒಂದು ವರ್ಷ ಸ್ಟೋನ್‌ವೇರ್ ಜಾತಿಯ ಮಣ್ಣನ್ನು ತರಿಸಿ, ವಿದ್ಯಾರ್ಥಿಗಳಿಂದ ಹದಿನೇಳು ಬಟ್ಟಲುಗಳನ್ನು ಮಾಡಿಸಿ, ಪರೀಕ್ಷೆಯ ಮುನ್ನಾ ವಾರ 1230 ಡಿಗ್ರಿಗೆ ಏರಿಸಿದರು. ಮುಕ್ಕಾಲಿಗಳು ಹಳೆಯವೇ. ಭಟ್ಟಿ ತೆರೆದಾಗ ನಾವೂ ಅಲ್ಲಿದ್ದೆವು. ತಂತಿಗಳು ಬಾಡಿದ ದಂಟಿನಂತೆ ಬಾಗಿದ್ದವು. ಬಟ್ಟಲುಗಳು ಒಂದು ಮಗ್ಗುಲಿಗೆ ವಾಲಿ, ಕೆಲವು ಪರಸ್ಪರ ಅಂಟಿಕೊಂಡು, ಉಳಿದವು ಹಲಗೆಯನ್ನೇ ಕಚ್ಚಿಕೊಂಡಿದ್ದವು. ತಂತಿ ಬಾಗದೆ ನಿಂತಿದ್ದ ಎರಡು ಮೂರು ಕಡೆಗಳಲ್ಲಿ ಬಟ್ಟಲಿನ ತಳವೇ ಮೆತ್ತಗಾಗಿ ಕುಸಿದು, ತುದಿಗಳು ಹಿಟ್ಟಿನೊಳಕ್ಕೆ ಬೆರಳು ಊರಿದಂತೆ ಒಳಗೆ ಇಳಿದಿದ್ದವು. ಒಂದು ಅವಧಿಯ ಕೆಲಸ ಒಂದು ರಾತ್ರಿಯಲ್ಲಿ ಹಾಳಾಯಿತು. ಅಷ್ಟರಲ್ಲಿ ನೆಟ್ಟಗೆ ಉಳಿದಿದ್ದ ಹಳೆಯ ಬಟ್ಟಲೊಂದನ್ನು ಯಾರೋ ತಿರುಗಿಸಿ ಮೇಜಿನ ಮೇಲಿಟ್ಟರು. ಅದರ ತಳದಲ್ಲಿ ಮೂರು ಚುಕ್ಕೆಗಳಿದ್ದವು. ನಮ್ಮ ಶೈವ ಚಿಹ್ನೆಯ ಸಿದ್ಧಾಂತ ಮುಗಿದದ್ದು ಅಲ್ಲಿಯೇ.

ಆ ಭಟ್ಟಿಯಲ್ಲಿ ತಪ್ಪಿದುದೇನು? ತಂತಿ ಸಾಲದಾಯಿತು ಎಂಬುದು ಅರ್ಧ ಉತ್ತರ. ಅಂತಹ ತುದಿಗಳಿಗೆ ಬಳಸುವ ನಿಕಲ್-ಕ್ರೋಮಿಯಂ ತಂತಿಯು ಕರಗುವುದು 1400 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ಕರಗುವುದಕ್ಕೆ ಎಷ್ಟೋ ಮುಂಚೆಯೇ ಅದು ಭಾರ ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕರಗುವ ಶಾಖ ಬೇರೆ, ಭಾರ ಹೊತ್ತು ನೆಟ್ಟಗೆ ನಿಲ್ಲಬಲ್ಲ ಶಾಖ ಬೇರೆ. ಭಟ್ಟಿಯ ಸಾಮಗ್ರಿಯನ್ನು ಕೊಳ್ಳುವವರು ಮೊದಲನೆಯದನ್ನು ಕೇಳಿ ಎರಡನೆಯದನ್ನು ಕೇಳದಿರುವುದೇ ಅನೇಕ ನಷ್ಟಗಳಿಗೆ ಮೂಲ. ಇಂತಹ ಮುಕ್ಕಾಲಿಗಳನ್ನು 1060 ಡಿಗ್ರಿಯೊಳಗಿನ ಕೆಲಸಕ್ಕೆ ಮೀಸಲಿಡುವುದು ಕ್ಷೇಮ. ಅವುಗಳ ಗುಣವೆಂದರೆ ಗುರುತು ತೀರ ಸಣ್ಣದಾಗಿರುವುದು.

ಉತ್ತರದ ಉಳಿದರ್ಧ ಪಾತ್ರೆಯ ಮಣ್ಣಿನಲ್ಲಿದೆ. ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದುದು ಇದೇ. ಲೇಪವುಳ್ಳ ಪಾತ್ರೆಯನ್ನು ಸಾಮಾನ್ಯವಾಗಿ ಎರಡು ಸಲ ಸುಡುತ್ತಾರೆ. ಮೊದಲ ಉರಿಯಲ್ಲಿ ಬರಿಯ ಮಣ್ಣು ಬೇಯುತ್ತದೆ. ಎರಡನೆಯದರಲ್ಲಿ ಲೇಪ ಕರಗುತ್ತದೆ. ಈ ಎರಡರಲ್ಲಿ ಯಾವುದು ಹೆಚ್ಚು ಬಿಸಿಯಾದುದು ಎಂಬುದರ ಮೇಲೆ ಮುಕ್ಕಾಲಿಯ ಭವಿಷ್ಯ ನಿಂತಿದೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಕಾರ್ಖಾನೆಗಳಲ್ಲಿ ಬಿಳಿಯ ಮಣ್ಣಿನ ತಟ್ಟೆಗಳನ್ನು ಮೊದಲು 1100 ಡಿಗ್ರಿಗೂ ಮೇಲೆ ಸುಟ್ಟು ಗಟ್ಟಿಗೊಳಿಸಿ, ಬಳಿಕ ಲೇಪದ ಉರಿಯನ್ನು ಅದಕ್ಕಿಂತ ಕಡಮೆ ಶಾಖದಲ್ಲಿ ಮುಗಿಸುತ್ತಿದ್ದರು. ಮೂಳೆಬೂದಿ ಬೆರೆಸಿದ ಅವರ ಚೀನಾಪಾತ್ರೆಗೂ ಮೊದಲ ಉರಿ 1200ರ ಮೇಲೆ, ಎರಡನೆಯದು 1100ರ ಒಳಗೆ. ಹಾಗೆ ಮಾಡಿದಾಗ ಎರಡನೆಯ ಉರಿಯಲ್ಲಿ ತಟ್ಟೆಯ ಮೈ ಕಲ್ಲಿನಂತೆ ನಿಂತಿರುತ್ತದೆ, ಕರಗುವುದು ಮೇಲಿನ ಲೇಪ ಮಾತ್ರ. ಅಂತಹ ತಟ್ಟೆಯನ್ನು ಮೂರು ಮುಳ್ಳುಗಳ ಮೇಲೆ ನಿಲ್ಲಿಸಿದರೂ ಬಾಗದು. ಗಟ್ಟಿ ಪಿಂಗಾಣಿಯ ಕ್ರಮ ಇದಕ್ಕೆ ತೀರ ವಿರುದ್ಧ. ಚೀನದ ಜಿಂಗ್‌ಡೆಜೆನ್‌ನಲ್ಲಿಯೂ ಜರ್ಮನಿಯ ಮೈಸೆನ್‌ನಲ್ಲಿಯೂ ಪಾತ್ರೆಯ ಮೈಯೂ ಲೇಪವೂ ಒಂದೇ ಉರಿಯಲ್ಲಿ, 1300 ಡಿಗ್ರಿಯ ಆಸುಪಾಸಿನಲ್ಲೋ ಅದಕ್ಕೂ ಮೇಲೆಯೋ, ಒಟ್ಟಿಗೆ ಪಕ್ವವಾಗುತ್ತವೆ. ಆಗ ಪಾತ್ರೆಯ ಮೈಯೇ ಅರ್ಧ ಗಾಜಾಗಿ ಮೆತ್ತಗಿರುತ್ತದೆ. ಅದನ್ನು ಮೂರು ತುದಿಗಳ ಮೇಲೆ ನಿಲ್ಲಿಸಿದರೆ ನಮ್ಮ ಮಿತ್ರರ ಬಟ್ಟಲುಗಳ ಗತಿಯೇ ಆಗುತ್ತದೆ. ಆದುದರಿಂದ ಅಲ್ಲಿ ಪಾದದ ಬಳೆಯ ಅಂಚಿನಲ್ಲಿ ಲೇಪವನ್ನು ಒರೆಸಿ, ಸುತ್ತಲೂ ಸಮನಾಗಿ ಭಾರ ಬೀಳುವಂತೆ ಕೂರಿಸುತ್ತಾರೆ. ಹಂಪಿಯ ಉತ್ಖನನಗಳಲ್ಲಿ ದೊರೆತಿರುವಂತಹ ಚೀನೀ ಪಿಂಗಾಣಿಯ ಬುಡದ ಚೂರುಗಳನ್ನು ನೋಡುವಾಗ ಹುಡುಕಬೇಕಾದುದು ಚುಕ್ಕೆಗಳನ್ನಲ್ಲ, ಈ ಬರಿಯ ಬಳೆಯನ್ನು. ಅಷ್ಟು ದೂರ ಹೋಗಲೊಲ್ಲದವರು ತಮ್ಮ ಮನೆಯ ಉಪ್ಪಿನಕಾಯಿ ಜಾಡಿಯನ್ನು ಬರಿದು ಮಾಡಿ ತಲೆಕೆಳಗಾಗಿಸಿ ನೋಡಬಹುದು. ಅದೂ ಹೆಚ್ಚಿನ ಶಾಖದಲ್ಲಿ ಬೆಂದುದು, ಅದರ ತಳವೂ ಲೇಪವಿಲ್ಲದೆ ಒರಟಾಗಿರುತ್ತದೆ.

ಈ ನಿಯಮಕ್ಕೆ ಒಂದು ಸುಂದರವಾದ ಅಪವಾದವುಂಟು. ಹನ್ನೊಂದನೆಯ ಶತಮಾನದ ಕೊನೆ ಮತ್ತು ಹನ್ನೆರಡನೆಯ ಶತಮಾನದ ಆರಂಭದಲ್ಲಿ ಚೀನದ ಸುಂಗ್ ಅರಮನೆಗಾಗಿ ಹೆನಾನ್ ಪ್ರಾಂತದಲ್ಲಿ ತಯಾರಾದ ರೂ ಪಾತ್ರೆಗಳು 1200 ಡಿಗ್ರಿಯ ಸುಮಾರಿನ ಉರಿಯನ್ನು ಕಂಡವು. ಆದರೂ ಅವುಗಳ ತಳಕ್ಕೆಲ್ಲ ಲೇಪವಿದೆ, ಮೂರೋ ಐದೋ ಸಣ್ಣ ಗುರುತುಗಳೂ ಇವೆ. ಚೀನೀಯರು ಇವನ್ನು ಎಳ್ಳುಕಾಳಿಗೆ ಹೋಲಿಸುತ್ತಾರೆ. ಪಾತ್ರೆಗಳು ಚಿಕ್ಕವು, ಹಗುರವಾದವು. ಆಸರೆಯ ತುದಿಗಳು ಪಾತ್ರೆಗಿಂತ ಹೆಚ್ಚು ಬೆಂಕಿ ತಾಳುವ ಮಣ್ಣಿನವು. ದೊಡ್ಡ ಪಾತ್ರೆಗೆ ತುದಿಗಳು ಹೆಚ್ಚು. ಅದೇ ಕಾಲದ ಡಿಂಗ್ ಪಾತ್ರೆಗಳ ಕುಶಲಿಗಳು ಬೇರೊಂದು ಉಪಾಯ ಹೂಡಿದರು. ಬಟ್ಟಲನ್ನು ಬೋರಲು ಹಾಕಿ ಬಾಯಂಚಿನ ಮೇಲೆ ಸುಟ್ಟು, ಲೇಪವಿಲ್ಲದೆ ಒರಟಾಗಿ ಉಳಿದ ಆ ಅಂಚಿಗೆ ತಾಮ್ರದ ಪಟ್ಟಿ ಕಟ್ಟಿದರು. ಅಲಂಕಾರವೆಂದು ಕಾಣುವ ಪಟ್ಟಿಯ ಹಿಂದೆ ಭಟ್ಟಿಯ ಈ ತಾಪತ್ರಯವೂ ಅಡಗಿದೆ. ಇದಕ್ಕೂ ಹಿಂದಿನ ಟಾಂಗ್ ಕಾಲದ ತ್ರಿವರ್ಣ ಪಾತ್ರೆಗಳಲ್ಲಿ ಸೀಸದ ಲೇಪವು ಕಡಮೆ ಶಾಖದಲ್ಲಿ ಹರಿಯುವುದರಿಂದ ಮುಕ್ಕಾಲಿಯ ಗುರುತುಗಳು ಧಾರಾಳವಾಗಿ ಸಿಕ್ಕುತ್ತವೆ. ಪಶ್ಚಿಮ ಏಷ್ಯದ ಇಸ್ಲಾಮೀ ಕುಂಬಾರರೂ ಮುಕ್ಕಾಲಿಯನ್ನು ಬಲ್ಲವರು. ಆದರೆ ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸದ ಬಣ್ಣದ ಹಂಚುಗಳಲ್ಲಿ ಅದರ ಗುರುತು ಅರಸುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ. ಗೋಡೆಗೆ ಅಂಟಿಸುವ ಹಂಚಿಗೆ ಒಂದೇ ಮುಖದಲ್ಲಿ ಲೇಪ. ಬೆನ್ನು ಬರಿದಾಗಿರುವಾಗ ಎತ್ತಿ ನಿಲ್ಲಿಸುವ ಶ್ರಮವೇತಕ್ಕೆ?

ಮುಕ್ಕಾಲಿಯನ್ನು ಯಾವ ದ್ರವ್ಯದಿಂದ ಮಾಡಬೇಕೆಂಬುದರಲ್ಲಿಯೂ ಒಂದು ತತ್ತ್ವವಿದೆ. ಪಾತ್ರೆ ಬೇಯುವ ಶಾಖಕ್ಕಿಂತ ಸಾಕಷ್ಟು ಮೇಲಿನ ಶಾಖದಲ್ಲಿಯೂ ಅದು ಆಕಾರ ಕೆಡದೆ ಇರಬೇಕು. ನಮ್ಮ ಸೀಮೆಯ ಕೆಂಪು ಜೇಡಿಯಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದೂ ಇತರ ಕ್ಷಾರಗಳೂ ಸೇರಿ ಮಣ್ಣನ್ನು ಬೇಗ ಮೆತ್ತಗಾಗಿಸುತ್ತವೆ. ಇಂತಹ ಜೇಡಿಯ ಮುಕ್ಕಾಲಿಯು 1000 ಡಿಗ್ರಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, 1200ರಲ್ಲಿ ಉಬ್ಬಿ ಕುಸಿದುಬೀಳುತ್ತದೆ. ಹೆಚ್ಚಿನ ಶಾಖಕ್ಕೆ ಬೇಕಾದುದು ಉಕ್ಕಿನ ಕಾರ್ಖಾನೆಗಳ ಕುಲುಮೆಗೆ ಕಟ್ಟುವ ಇಟ್ಟಿಗೆಯ ಜಾತಿಯ ಬೆಂಕಿಮಣ್ಣು. ಶಿವನಿಗೆ ಅಷ್ಟೇನೂ ದೂರವಲ್ಲದ ಭದ್ರಾವತಿಯಲ್ಲಿ 1923ರಲ್ಲಿ ಊದುಕುಲುಮೆ ಹೊತ್ತಿದುದು ನಮ್ಮ ವಿದ್ಯಾರ್ಥಿಗಳಿಗೆ ಪಾಠದಲ್ಲಿ ಬರುತ್ತದೆ. ಅಂತಹ ಕುಲುಮೆಯ ಒಳಗೋಡೆಯ ಇಟ್ಟಿಗೆ ಎಂತಹುದಾಗಿರಬೇಕೆಂಬ ಪ್ರಶ್ನೆಯನ್ನೂ ಪಾಠದ ಜೊತೆಗೆ ಕೇಳಿದರೆ ಒಳ್ಳೆಯದು. ಶುದ್ಧವಾದ ಚೀನೀಮಣ್ಣು ಕರಗಲು 1750 ಡಿಗ್ರಿಗೂ ಮಿಕ್ಕ ಶಾಖ ಬೇಕು, ಅಲ್ಯೂಮಿನಕ್ಕೆ 2000ಕ್ಕೂ ಮೇಲೆ. ಈ ಕಾರಣದಿಂದ ಉತ್ತಮ ಮುಕ್ಕಾಲಿಗಳಲ್ಲಿ ಅಲ್ಯೂಮಿನದ ಭಾಗ ಹೆಚ್ಚಿರುತ್ತದೆ. ಇನ್ನೊಂದು ಗುಣವೂ ಅಗತ್ಯ. ಮುಕ್ಕಾಲಿಯು ನೂರಾರು ಸಲ ಕಾದು ಆರುತ್ತದೆ. ಅದರಲ್ಲಿ ಬಿಡಿ ಮರಳುಕಲ್ಲಿನ ಕಣ ಹೆಚ್ಚಿದ್ದರೆ 573 ಡಿಗ್ರಿಯಲ್ಲಿ ಆ ಕಣ ಥಟ್ಟನೆ ಹಿಗ್ಗುವ, ಆರುವಾಗ ಕುಗ್ಗುವ ಸ್ವಭಾವದಿಂದ ಬಿರುಕು ಬಿಡುತ್ತದೆ. ಆದುದರಿಂದ ಮಣ್ಣಿಗೆ ಮರಳಿನ ಬದಲು, ಒಮ್ಮೆ ಸುಟ್ಟು ಕುಟ್ಟಿದ ಬೆಂಕಿಮಣ್ಣಿನ ಪುಡಿಯನ್ನು ಬೆರೆಸುತ್ತಾರೆ.

ಅಳತೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಪಾತ್ರೆಯ ಪಾದದೊಳಗೆ ಕೂರಬಲ್ಲ ಅತ್ಯಂತ ಅಗಲವಾದ ಮುಕ್ಕಾಲಿಯನ್ನು ಆರಿಸಬೇಕು. ತುದಿಗಳು ತಳದ ನಡುವಿಗೆ ತಾಗದೆ, ಗೋಡೆಯ ಭಾರ ಇಳಿಯುವ ಕಡೆಗೆ ಹತ್ತಿರವಾಗಿರಬೇಕು. ಎತ್ತರದ ಹೂಜಿಗೆ ಕಿರಿದಾದ ಮುಕ್ಕಾಲಿ ಕೊಟ್ಟರೆ ಅದು ಮಗುಚುತ್ತದೆ. ಹರಡಿದ ತಟ್ಟೆಗೆ ಒಂದರ ಬದಲು ಮೂರು ಸಣ್ಣವು ಲೇಸು. ಹಳೆಯ ಮುಕ್ಕಾಲಿಯ ತುದಿಯಲ್ಲಿ ಹಿಂದಿನ ಉರಿಯ ಗಾಜು ಉಳಿದಿದ್ದರೆ ಉಜ್ಜಿ ತೆಗೆಯದೆ ಮತ್ತೆ ಬಳಸಕೂಡದು. ಭಟ್ಟಿಯಿಂದ ಬಂದ ಪಾತ್ರೆಯ ತಳವನ್ನು ಬರಿಗೈಯಿಂದ ಸವರಲೂ ಬಾರದು. ಕಿತ್ತುಬಂದ ತುದಿಯ ಸುತ್ತ ಗಾಜಿನ ಚೂರು ಕ್ಷೌರದ ಕತ್ತಿಯಷ್ಟು ಹರಿತವಾಗಿರುತ್ತದೆ. ಅದನ್ನು ಸಾಣೆಕಲ್ಲಿನಿಂದ ಉಜ್ಜಿ ನಯಗೊಳಿಸುವುದು ವಾಡಿಕೆ. ಈ ಉಜ್ಜಿದ ಗುರುತೂ ಬೋಕಿಯ ಮೇಲೆ ಉಳಿದುಕೊಳ್ಳುತ್ತದೆ.

ಇನ್ನು ಭಟ್ಟಿಯ ಶಾಖವನ್ನು ತಿಳಿಯುವ ಬಗೆ. ಕಣ್ಣಿಗೆ ಕಾಣುವ ಬಣ್ಣವನ್ನೇ ನಂಬಿದ್ದ ಕಾಲದಲ್ಲಿ, 1782ರಲ್ಲಿ, ಜೊಸಾಯ ವೆಜ್‌ವುಡ್ ಅವರು ಜೇಡಿಯ ಸಣ್ಣ ತುಂಡುಗಳು ಎಷ್ಟು ಕುಗ್ಗುತ್ತವೆಂಬುದರಿಂದ ಬೆಂಕಿಯನ್ನು ಅಳೆಯುವ ಸಾಧನವನ್ನು ಪ್ರಕಟಿಸಿದರು. 1886ರಲ್ಲಿ ಬರ್ಲಿನ್ನಿನ ಹರ್ಮನ್ ಸೇಗರ್ ಅವರು ಗೊತ್ತಾದ ಶಾಖದಲ್ಲಿ ಬಾಗುವ ಶಂಕುಗಳನ್ನು ರೂಢಿಗೆ ತಂದರು. ಇವು ಇಂದಿಗೂ ಬಳಕೆಯಲ್ಲಿವೆ. ಶಂಕುವಿಗೆ ಮಾಪಕಕ್ಕಿಂತ ಒಂದು ಮೇಲ್ಮೆಯುಂಟು. ಮಾಪಕವು ಆ ಕ್ಷಣದ ಶಾಖವನ್ನು ಹೇಳುತ್ತದೆ. ಶಂಕುವು ಮಣ್ಣು ಎಷ್ಟು ಹೊತ್ತು ಬೆಂದಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದೇ ಶಾಖದಲ್ಲಿ ಎರಡು ಗಂಟೆ ಹೆಚ್ಚು ನಿಲ್ಲಿಸಿದರೆ ಮುಕ್ಕಾಲಿಯೂ ಬಾಗಬಹುದು, ಶಂಕುವೂ ಬಾಗುತ್ತದೆ.

ಈ ತಿಳಿವಳಿಕೆಯೊಡನೆ ಶಿವನಿಯ ಬಿಳಿಯ ಬೋಕಿಯನ್ನು ಮತ್ತೆ ಕೈಗೆ ತೆಗೆದುಕೊಂಡೆವು. ಚುಕ್ಕೆಗಳು ಅಲಂಕಾರವಾಗಿದ್ದರೆ ಹಸಿಮಣ್ಣಿನಲ್ಲಿ ಒತ್ತಿದವಾಗಿರಬೇಕು. ಆಗ ಲೇಪವು ಆ ಗುಣಿಗಳೊಳಕ್ಕೂ ಹರಿದು ತುಂಬಿರಬೇಕು. ಮಸೂರದಡಿಯಲ್ಲಿ ನೋಡಿದಾಗ ಕಂಡುದು ಇದಕ್ಕೆ ವ್ಯತಿರಿಕ್ತ. ಪ್ರತಿ ಚುಕ್ಕೆಯಲ್ಲಿಯೂ ಗಾಜು ಮುರಿದು ಒಳಗಿನ ಬಿಳಿಮಣ್ಣು ಹೊರಗೆ ಇಣುಕುತ್ತಿದ್ದಿತು. ಎಂದರೆ ಅವು ಲೇಪಕ್ಕಿಂತ ಈಚಿನವು, ಬೆಂಕಿಯ ಕಟ್ಟಕಡೆಯ ಘಟ್ಟದಲ್ಲಿ ಹುಟ್ಟಿದವು. ಬೆನ್ನಿನಲ್ಲಿ ಮೂರು, ಮುಖದಲ್ಲಿ ಒಂದು ಎಂಬ ವಿನ್ಯಾಸವೂ ಅರ್ಥವಾಯಿತು. ಕೆಳಗೆ ಒಂದು, ಮೇಲೆ ಮೂರು ಮೊನೆಗಳುಳ್ಳ ಸಣ್ಣ ಮುಳ್ಳುಗಳನ್ನು ತಟ್ಟೆ ತಟ್ಟೆಗಳ ನಡುವೆ ಅಂಚಿನ ಮೂರು ಕಡೆಗಳಲ್ಲಿ ಇಟ್ಟು, ತಟ್ಟೆಗಳನ್ನು ಬೆಂಕಿಮಣ್ಣಿನ ಪೆಟ್ಟಿಗೆಯೊಳಗೆ ಒಟ್ಟುವುದು ಇಂಗ್ಲಿಷ್ ಕಾರ್ಖಾನೆಗಳ ಪದ್ಧತಿಯಾಗಿದ್ದಿತು. ನಮ್ಮ ಚೂರಿನಲ್ಲಿ ಆ ಮೂರು ಕಡೆಗಳಲ್ಲಿ ಒಂದು ಮಾತ್ರ ಉಳಿದಿದೆ. ಇದು ಆ ಪದ್ಧತಿಯನ್ನು ಅನುಸರಿಸಿದ ಯಾವುದೋ ಕಾರ್ಖಾನೆಯ ಊಟದ ತಟ್ಟೆ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹಳಿ ಹಾಕಿದ ಕಾಲಕ್ಕೋ ಅದರ ಅನಂತರಕ್ಕೋ ಸೇರಿದುದೆಂದು ಊಹಿಸಬಹುದೇ ಹೊರತು ಹೊಯ್ಸಳರ ಹತ್ತಿರಕ್ಕೂ ಒಯ್ಯುವಂತಿಲ್ಲ.

ಹಳಿಯ ಮಗ್ಗುಲಿನಲ್ಲಿಯೇ ಸಿಕ್ಕಿದ ಇನ್ನೊಂದು ಬಿಳಿಯ ತುಂಡನ್ನು ನಾವು ಮೊದಲು ಕಸವೆಂದು ಬದಿಗಿಟ್ಟಿದ್ದೆವು. ಅದು ತಂತಿಕಂಬದ ಪಿಂಗಾಣಿ ಗುಬುಟಿನ ಅರ್ಧ. ಅದರ ಮೇಲೆ ಚುಕ್ಕೆಯೊಂದೂ ಇಲ್ಲ. ಕೆಳಗಿನ ಅಂಚೊಂದು ಮಾತ್ರ ಲೇಪವಿಲ್ಲದೆ ಬರಿದಾಗಿದೆ. ವಿದ್ಯುತ್ತನ್ನು ತಡೆಯಬೇಕಾದ ಪಿಂಗಾಣಿಯು ಪೂರ್ತಿ ಗಾಜುಗಟ್ಟಿದ, ಹೆಚ್ಚು ಶಾಖದಲ್ಲಿ ಬೆಂದ ಪಿಂಗಾಣಿಯಾಗಿರಬೇಕು. ಅದು ಮುಳ್ಳಿನ ಮೇಲೆ ನಿಲ್ಲಲಾರದು. ಇಂತಹ ಗುಬುಟುಗಳನ್ನು ಮಾಡುವ ಸರ್ಕಾರಿ ಪಿಂಗಾಣಿ ಕಾರ್ಖಾನೆಯೊಂದು ಬೆಂಗಳೂರಿನಲ್ಲಿಯೇ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ ಆರಂಭವಾಗಿ, 1976ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿತು. ಮುರಿದ ಈ ತುಂಡಿನ ಮೇಲೆ ತಯಾರಕರ ಮುದ್ರೆ ಉಳಿದಿಲ್ಲವಾದುದರಿಂದ ಅದನ್ನು ಆ ಕಾರ್ಖಾನೆಯದೆಂದು ನಾವು ಬರೆದಿಲ್ಲ.

ಪ್ರದರ್ಶನದ ಪೆಟ್ಟಿಗೆಯಲ್ಲಿ ಈಗ ನಾಲ್ಕು ವಸ್ತುಗಳು ಸಾಲಾಗಿವೆ: ಗುರುತಿಲ್ಲದ ಒಂದು ಕೆಂಪು ಬೋಕಿ, ಮೂರು ಚುಕ್ಕೆಯ ತಟ್ಟೆಯ ಚೂರು, ಬರಿಯ ಅಂಚಿನ ಗುಬುಟು, ಮತ್ತು ಹದಿನೇಳರಲ್ಲಿ ತಳ ಕುಸಿದ ಒಂದು ಬಟ್ಟಲು. ಪ್ರತಿಯೊಂದರ ಚೀಟಿಯಲ್ಲಿಯೂ ವಸ್ತುವಿನ ಹೆಸರಿನ ಕೆಳಗೆ ‘ನಿಂತ ಬಗೆ’ ಎಂಬ ಒಂದು ಸಾಲನ್ನು ವಿದ್ಯಾರ್ಥಿಗಳು ತಾವಾಗಿಯೇ ಸೇರಿಸಿದ್ದಾರೆ. ನಮ್ಮ ಮಿತ್ರರು ಮುಂದಿನ ಅವಧಿಯಲ್ಲಿ ಅದೇ ಸ್ಟೋನ್‌ವೇರ್ ಮಣ್ಣಿನ ಬಟ್ಟಲುಗಳ ಪಾದಕ್ಕೆ ಒದ್ದೆಬಟ್ಟೆಯಿಂದ ಲೇಪವನ್ನು ಒರೆಸಿ, ಮುಕ್ಕಾಲಿಯಿಲ್ಲದೆ ಹಲಗೆಯ ಮೇಲೆಯೇ ಕೂರಿಸಿ 1230 ಡಿಗ್ರಿಗೆ ಸುಟ್ಟರು. ಎರಡರ ಹೊರತು ಎಲ್ಲವೂ ನೆಟ್ಟಗೆ ಬಂದವು. ಆ ಎರಡರಲ್ಲಿ ಲೇಪ ದಪ್ಪನಾಗಿ ಪಾದದವರೆಗೆ ಇಳಿದಿದ್ದಿತು.